ಬೆನ್ನ ಮೇಲಿನ ಹೆಸರು

ಗೊಬ್ಬರದ ಜಾಹೀರಾತಿರುವ ರೈನ್‌ಕೋಟುಗಳು ಅಗ್ಗಕ್ಕೆ ಸಿಗುತ್ತಿದ್ದವು; ಶಾಲೆ ಮಕ್ಕಳಿಗೆ ಹಂಚಲೆಂದು ತಲಾ ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟು, ಏನೂ ಬರೆದಿರದವನ್ನೇ ನಾನು ಕೊಂಡು ತಂದೆ. ಕಟ್ಟು ಬಿಚ್ಚಿದಾಗ ಬಂದ ಪ್ಲಾಸ್ಟಿಕ್ ವಾಸನೆಗೆ ಹೆತ್ತೂರಿನಲ್ಲಿ ಕಳೆದ ಬಾಲ್ಯದ ಒಂದು ಮಧ್ಯಾಹ್ನ ನೆನಪಾಯಿತು.

ಅಂಗಡಿ ಸಾಹುಕಾರರು ನನಗೆ ದಾನ ಕೊಟ್ಟಿದ್ದ ರೈನ್‌ಕೋಟಿನ ಬೆನ್ನ ಮೇಲೆ ಅವರದೇ ಹೆಸರಿತ್ತು. ‘ಅಂಗಡಿ ಬೋರ್ಡು ಬಂತು ಕಣ್ರೋ!’ ಎಂದು ಹುಡುಗರು ಕೂಗುತ್ತಿದ್ದರು. ಅದಕ್ಕೇ ಆ ದಿನ ಅವ್ವ ಅದನ್ನು ಒಳಮೈ ಹೊರಗಾಗುವಂತೆ ತಿರುಗಿಸಿ ತೊಡಿಸಿ, ಸಾಮಾನು ತರಲು ಅದೇ ಅಂಗಡಿಗೆ ಕರೆದೊಯ್ದಳು.

‘ಏನವ್ವ, ನನ್ ಹೆಸ್ರುನ್ನೇ ಮುಚ್ಚಿಟ್ಬುಟ್ಟಿದ್ದೀಯ?’ ಎಂದು ಸಾಹುಕಾರರು ನಕ್ಕರು. ಅಂಗಡಿಯಲ್ಲಿದ್ದವರೂ ನಕ್ಕರು.

‘ಹುಡುಗ್ ಬುದ್ಧಿ ಸ್ವಾಮಿ, ಉಲ್ಟಾ ಹಾಕ್ಕಂಡ್ಬುಟ್ಟೈತೆ,’ ಎಂದ ಅವ್ವ, ಅಲ್ಲೇ ಅದನ್ನು ಬಿಚ್ಚಿ, ಒದ್ದೆ ತೋಳುಗಳನ್ನು ಎಳೆದು ಸರಿಮಾಡಿ ತೊಡಿಸಿದಳು. ಮನೆ ತಲುಪುವವರೆಗೂ ನನ್ನ ಬೆನ್ನಿಗೆ ಅಂಟಿಕೊಂಡೇ ನಡೆದಳು.

ನೀವೂ ಕೊಡುವವರಾದರೆ ಕೊಟ್ಟು ಬನ್ನಿ. ಆಮೇಲೆ ಆ ಮಗು ಎದುರಾದರೆ, ಕೊಟ್ಟದ್ದನ್ನು ಹಾಕಿಕೊಂಡಿದೆಯೇ ಎಂದು ನೋಡಬೇಡಿ.