ಹಳೇ ಜಾಗಕ್ಕೇ ಹೋದ ಕೇಬಲ್

ತಿಪಟೂರಿನಲ್ಲಿ ನನ್ನದೊಂದು ಪುಟ್ಟ ಕಂಪ್ಯೂಟರ್ ಅಂಗಡಿ ಇದೆ. ಊರಿನ ಕಂಪ್ಯೂಟರ್‌ಗಳ ಧೂಳೆಲ್ಲ ನನ್ನ ಮೂಗಿನಲ್ಲೇ ಇದೆ ಅಂತ ಹೆಂಡತಿ ರೇಗಿಸುತ್ತಾಳೆ. ಇರಲಿ... ಇದು ಧೂಳಿನ ಕಥೆ ಅಲ್ಲ.

ಕಳೆದ ತಿಂಗಳು ಒಂದು ಮಧ್ಯಾಹ್ನ ಒಬ್ಬ ಹುಡುಗಿ ಸಣ್ಣ ಸಿಪಿಯು ಒಂದನ್ನು ಎದೆಗೆ ಅವಚಿಕೊಂಡು ಆಟೋದಿಂದ ಇಳಿದಳು. ಹೆಸರು ಸಿಂಚನಾ. ತುಮಕೂರಿನಲ್ಲಿ ಇಂಟೀರಿಯರ್ ಡಿಸೈನ್ ಓದುತ್ತಾಳೆ, ದಿನಾ ಟ್ರೇನಿನಲ್ಲಿ ಓಡಾಟ.

"ಅಣ್ಣಾ, ಇದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕ್ಕೊಡಿ. ಕಡಿಮೇದಾದ್ರೂ ಪರವಾಗಿಲ್ಲ. ಪ್ರಾಜೆಕ್ಟ್ ಫೈಲ್ ಓಪನ್ ಮಾಡಿದ್ರೆ ಸಾಕು, ಹ್ಯಾಂಗ್ ಆಗುತ್ತೆ."

"ಅಪ್ಪನ್ನ ಒಂದ್ಮಾತು ಕೇಳಿದೀಯೇನಮ್ಮ?" ಅಂದೆ.

ಅವಳು ನಕ್ಕಳು... ಖುಷಿಯ ನಗು ಅಲ್ಲ ಅದು.

"ಅಪ್ಪ ನನ್ ಹತ್ರ ಮಾತಾಡಲ್ಲ ಅಣ್ಣಾ. ಅಮ್ಮ ತೀರ್ಕೊಂಡು ಒಂದ್ವರ್ಷ ಆಯ್ತು. ಬೆಳಿಗ್ಗೆ ನಾನು ಅಡುಗೆ ಮಾಡಿಟ್ಟು ಹೋಗ್ತೀನಿ, ಸಂಜೆ ಅವ್ರು ಹಾಲು ತಂದಿಡ್ತಾರೆ... ಅಷ್ಟೇ. ಮುಂದಿನ ವಾರ ಹಾಸ್ಟೆಲ್ ಸೇರ್ಕೊಳ್ತೀನಿ. ಮನೇಲೂ ಒಬ್ಳೇ, ಅಲ್ಲೂ ಒಬ್ಳೇ."

ಅವಳ ಅಪ್ಪ ಗಂಗಾಧರಯ್ಯನವರು ನನಗೆ ಗೊತ್ತು. ಮೋಟಾರ್ ರಿವೈಂಡಿಂಗ್ ಮಾಡುವವರು. ಸುತ್ತಮುತ್ತ ಯಾರ ಬೋರ್‌ವೆಲ್ ಮೋಟಾರ್ ಸುಟ್ಟರೂ ಅವರ ಹತ್ತಿರವೇ ಬರಬೇಕು.

ಕೆಲಸ ಬಂಗಾರ... ಮಾತು ಮಾತ್ರ ಕೇಳಬೇಡಿ. ನಾವು ಹೇಳಿದ್ದಕ್ಕೆ ತಲೆ ಆಡಿಸಿದರೆ ಅದೇ ನಮ್ಮ ಪುಣ್ಯ.

ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಒಳಗೆ ನೋಡಿ ನನಗೇ ಅರ್ಥವಾಗಲಿಲ್ಲ.

"ಯಾಕಮ್ಮ ತಮಾಷೆ ಮಾಡ್ತೀಯಾ? ಇದ್ರಲ್ಲಿ ಕಾರ್ಡ್ ಇದೆಯಲ್ಲ."

"ಇಲ್ಲ ಅಣ್ಣಾ. ತಗೊಂಡಾಗ ಕಾರ್ಡ್ ಇರ್ಲಿಲ್ಲ."

ತೋರಿಸಿದೆ. ಇಂಥ ಸಣ್ಣ ಡಬ್ಬಕ್ಕೆಂದೇ ಬರುವ ಗಿಡ್ಡ ಕಾರ್ಡ್. ಫ್ಯಾನಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರಲಿಲ್ಲ. ಕಾರ್ಡಿನಲ್ಲಿ ಮಾನಿಟರ್ ಕೇಬಲ್ ಸಿಕ್ಕಿಸುವ ಜಾಗಕ್ಕೆ ರಬ್ಬರ್ ಮುಚ್ಚಳ ಹಾಗೇ ಇತ್ತು.

ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲನ್ನು ಕಾರ್ಡಿಗೇ ಸಿಕ್ಕಿಸಬೇಕು. ಕಾರ್ಡ್ ಇಲ್ಲದಾಗ ಸಿಕ್ಕಿಸಿದ್ದ ಹಳೇ ಜಾಗದಲ್ಲೇ ಬಿಟ್ಟರೆ ಕಾರ್ಡ್ ಸುಮ್ಮನೆ ಒಳಗೆ ಕೂತಿರುತ್ತದೆ... ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಸಿಂಚನಾ ಬಗ್ಗಿ ನೋಡಿದಳು. ಒಳಗಿನ ಒಂದೊಂದು ವೈರಿಗೂ ಒಂದೊಂದು ಬಣ್ಣದ ದಾರ ಕಟ್ಟಿತ್ತು. ಅದನ್ನು ಮುಟ್ಟಿ ಮೆಲ್ಲಗೆ ಅಂದಳು...

"ಅಣ್ಣಾ, ಇದು ಅಪ್ಪ ಕಟ್ಟೋ ಗಂಟು. ಮನೇಲಿ ಮಾನಿಟರ್ ಕೇಬಲ್‌ಗೂ ಒಂದು ಕೆಂಪು ದಾರ ಇದೆ. ಯಾಕೆ ಅಂತ ನಾನು ಕೇಳೇ ಇರ್ಲಿಲ್ಲ."

ಆಗ ನನಗೆ ಎಲ್ಲ ಹೊಳೆಯಿತು. ಮೋಟಾರ್ ಬಿಚ್ಚುವವರು ಪ್ರತಿ ವೈರಿಗೂ ಗುರುತು ಕಟ್ಟುತ್ತಾರೆ. ಎಲ್ಲಿಂದ ತೆಗೆದರೋ ಅಲ್ಲಿಗೇ ವಾಪಸ್ ಹಾಕಬೇಕು, ತಪ್ಪಿದರೆ ಮೋಟಾರ್ ಉಲ್ಟಾ ತಿರುಗುತ್ತದೆ.

ಗಂಗಾಧರಯ್ಯ ಮಗಳ ಕಂಪ್ಯೂಟರಿಗೂ ಅದೇ ಶ್ರದ್ಧೆ ತೋರಿಸಿದ್ದರು. ಕೇಬಲ್ಲು ಹಳೇ ಜಾಗಕ್ಕೇ ಹೋಗಿತ್ತು.

ಅವರಿಗೆ ಫೋನ್ ಮಾಡಿದೆ. ಕೈಗೆ ಮೆತ್ತಿದ ವಾರ್ನಿಶ್ ಒರೆಸಿಕೊಳ್ಳುತ್ತಲೇ ಬಂದರು. ಬಿಚ್ಚಿಟ್ಟ ಸಿಪಿಯು ಕಂಡು ಹೊಸಿಲಲ್ಲೇ ನಿಂತುಬಿಟ್ಟರು.

"ಯಾವಾಗ ಹಾಕಿದ್ರಿ ಅಪ್ಪ?"

"ಸಂಕ್ರಾಂತಿ ಸಮಯದಲ್ಲಿ... ತಾಮ್ರದ ವೈರ್ ತರೋಕೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿದ್ದೆ. ನೀನು ಫೋನಲ್ಲಿ ಯಾರಿಗೋ ಹೇಳ್ತಿದ್ದೆ, ಕಾರ್ಡ್ ಇದ್ದಿದ್ರೆ ಚೆನ್ನಾಗಿರ್ತಿತ್ತು ಅಂತ. ಡಬ್ಬದ ಅಳತೆ ತಗೊಂಡ್ ಹೋಗಿ, ಅಲ್ಲೇ ಇದನ್ನೂ ತಂದೆ."

"ಹೇಳ್ಲೇ ಇಲ್ವಲ್ಲ."

"ನಿಂಗೇ ಗೊತ್ತಾಗುತ್ತೆ ಅಂತ ಕಾದೆ. ನೀನೂ ಏನೂ ಅನ್ಲಿಲ್ಲ... ಇಷ್ಟ ಆಗ್ಲಿಲ್ವೇನೋ ಅಂತ ಸುಮ್ನಾದೆ."

ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತಾರೆ. ದಾನಕ್ಕೆ ಅದು ಸರಿ ಸ್ವಾಮಿ... ಹೆತ್ತ ಮಗಳಿಗೂ ಹಾಗೆ ಮಾಡಿದರೆ?

ನಾನು ನನ್ನ ಅಂಗಡಿಯ ಮಾನಿಟರನ್ನು ಕಾರ್ಡಿಗೆ ಸಿಕ್ಕಿಸಿದೆ. ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ಹಾಕಿ, ಅವಳ ಪ್ರಾಜೆಕ್ಟ್ ಫೈಲ್ ತೆರೆದೆ. ಎಲ್ಲೂ ತಡವರಿಸದೆ ತೆರೆದುಕೊಂಡಿತು.

ಸ್ಕ್ರೀನ್ ಮೇಲೆ ಒಂದು ಸಣ್ಣ ಅಂಗಡಿ. ಗೋಡೆಗೆ ವೈರಿನ ಸುರುಳಿಗಳು, ಒಂದು ಎತ್ತರದ ಮೇಜು, ಅದರ ಮೇಲೆ ಬಿಚ್ಚಿಟ್ಟ ಮೋಟಾರ್.

ಗಂಗಾಧರಯ್ಯ ಹತ್ತಿರ ಬಂದರು. "ಇದು ನಮ್ಮಂಗ್ಡಿ ಅಲ್ವೇನಮ್ಮ?"

"ಹೂಂ ಅಪ್ಪ. ನೆಲದ ಮೇಲೆ ಕೂತು ಕೂತು, ಏಳುವಾಗ ಸೊಂಟ ಹಿಡ್ಕೊತೀರಲ್ಲ... ಅದಕ್ಕೆ ಮೇಜು ಎತ್ತರಕ್ಕೆ ಇಟ್ಟೆ. ಒರಗೋಕೆ ಕುರ್ಚಿ. ಬೆಳಕಿಗೆ ಇಲ್ಲೊಂದು ಕಿಟಕಿ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀವ್ಯಾಕೆ ಹೇಳ್ಲಿಲ್ಲ?"

ಅವರು ಸ್ಕ್ರೀನಿನ ಮೇಲಿನ ಆ ಕುರ್ಚಿಯನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ಅಂದರು...

"ಇಷ್ಟು ವರ್ಷ ನಿಂಗೆ ಏನ್ ಹೇಳೋದಿದ್ರೂ ನಿಮ್ಮಮ್ಮಂಗೆ ಹೇಳ್ತಿದ್ದೆ. ಅವ್ಳು ನಿಂಗೆ ಹೇಳ್ತಿದ್ಲು. ಅವ್ಳು ಹೋದ್ಮೇಲೆ... ನಿನ್ ಹತ್ರ ಹೆಂಗ್ ಮಾತಾಡ್ಬೇಕು ಅಂತ ನಂಗೆ ಗೊತ್ತಾಗ್ಲಿಲ್ಲಮ್ಮ."

ಸಿಂಚನಾ ಅತ್ತಳು. ನಾನು ಗಿರಾಕಿಗಳ ಕಡೆ ತಿರುಗಿಕೊಂಡೆ. ಅಂಗಡಿಯಲ್ಲಿ ಗಿರಾಕಿಗಳೇ ಇರಲಿಲ್ಲ... ನನ್ನ ಕಣ್ಣೂ ತುಂಬಿತ್ತು, ಅದಕ್ಕೆ.

"ಅಪ್ಪ... ಮುಂದಿನ ವಾರ ಹಾಸ್ಟೆಲ್ ಸೇರ್ಬೇಕು ಅಂತಿದ್ದೆ. ನಿಮಗೆ ಹೇಳಿರ್ಲಿಲ್ಲ."

ಗಂಗಾಧರಯ್ಯನವರ ಮುಖ ಸಣ್ಣದಾಯಿತು. ಎಂದಿನಂತೆ ತಲೆ ಆಡಿಸಿ ಸುಮ್ಮನಾಗಿಬಿಡುತ್ತಾರೆ ಅಂದುಕೊಂಡೆ.

ಸುಮ್ಮನಾಗಲಿಲ್ಲ.

"ಹೋಗ್ಲೇಬೇಕೇನಮ್ಮ?" ಅಂದರು.

ಅಷ್ಟೇ ಕೇಳಿದ್ದು. ಒಂದು ವರ್ಷದಿಂದ ಅವಳು ಆ ಮನೆಯಲ್ಲಿ ಕಾದಿದ್ದೂ ಅಂಥ ಒಂದು ಮಾತಿಗೇ.

"ಇಲ್ಲ ಅಪ್ಪ... ಹೋಗಲ್ಲ."

ಮನೆಯೊಳಗೆ ಪ್ರೀತಿ ಇದ್ದರೆ ಸಾಲದು, ಅದು ಬಾಯಿಬಿಟ್ಟು ಮಾತಾಡಬೇಕು.

ನಿಮ್ಮ ಮನೆಯಲ್ಲೂ ಯಾರೋ ನಿಮ್ಮ ಒಂದು ಮಾತಿಗಾಗಿ ಕಾಯುತ್ತಿರಬಹುದು... ಅದು ಯಾರು ಅಂತ ಯಾವತ್ತಾದರೂ ಯೋಚಿಸಿದ್ದೀರಾ?