ನಡುಗದ ದನಿ

ಸೋಬಾನೆ ಪದದ ಸಾಲಿನ ಕೊನೆಯಲ್ಲಿ ಕೆಂಚಮ್ಮ ದನಿಯನ್ನು ಉದ್ದಕ್ಕೆ ಎಳೆದಳು. ಎಳೆದ ದನಿ ಸ್ಪೀಕರಿನಲ್ಲಿ ಸೊರಗಿ ಇಲ್ಲವಾಯಿತು. ಹಸೆಮಣೆಯ ಮೇಲಿದ್ದ ಮೊಮ್ಮಗಳು ತಲೆಯೆತ್ತಿ ನೋಡಿದಳು. ಮುದುಕಿ ಇನ್ನೊಮ್ಮೆ ಎಳೆದಳು, ಮತ್ತೆ ಅದೇ. ದೊಡ್ಡಆಲಹಳ್ಳಿಯ ಎಷ್ಟೋ ಮದುವೆಗಳಿಗೆ ಹಾಡಿದ್ದವಳು ಗಂಟಲು ಮುಟ್ಟಿಕೊಂಡು, "ನನ್ ಗಂಟ್ಲು ಹೋಯ್ತು ಕಣವ್ವಾ" ಎಂದು ಮೈಕನ್ನು ಮಡಿಲಿಗಿಳಿಸಿದಳು.

ಸೌಂಡ್ ಸಿಸ್ಟಮ್ಮಿನ ಮನೋಹರ್ ಲ್ಯಾಪ್‌ಟಾಪ್ ನೋಡಿ ಬೆವರಿದ. ದನಿ ನುಂಗಿದ್ದು, ಮೈಕು ಕುಂಯ್ ಎಂದು ಕಿರುಚದಿರಲಿ ಎಂದು ಅವನೇ ಹಾಕಿದ್ದ ಡಿಜಿಟಲ್ ಫಿಲ್ಟರ್. ಒಂದೇ ಸ್ವರ ಅಲುಗದೆ ನಿಂತರೆ ಸಾಕು, ಕಿರುಚಾಟವೆಂದೇ ತಿಳಿದು ಅಷ್ಟನ್ನು ಕತ್ತರಿಸಿ ಹಾಕುತ್ತದೆ. ಮುಂಚೆ ಹಾಡಿದ ಹುಡುಗಿಯರ ದನಿ ನಡುಗುತ್ತಿದ್ದುದರಿಂದ ಉಳಿದುಕೊಂಡಿತ್ತು. ಕೆಂಚಮ್ಮನದು ನೂಲು ಹಿಡಿದಂತೆ ನೇರ.

ಫಿಲ್ಟರ್ ತೆಗೆದು ಅವನು ಓಡಿಬಂದ. "ಅಜ್ಜಿ, ತಪ್ಪು ನಂದು. ಮಿಷನ್ನು ನಿಮ್ ದನೀನ ತಿಂದಾಕ್ಬುಡ್ತು. ಈಗ ಅದ ತಗ್ದಿವ್ನಿ, ಒಸಿ ಹಾಡಿ."

ಎಲ್ಲರ ಒತ್ತಾಯಕ್ಕೆ ಕೆಂಚಮ್ಮ ಅದೇ ಸಾಲನ್ನು ಹಾಡಿದಳು. ಎಳೆದ ದನಿ ಛತ್ರದ ಮೂಲೆಮೂಲೆಯನ್ನೂ ಮುಟ್ಟಿ ನಿಂತಿತು. ಊಟದ ಸಾಲಿಗೆ ಹೊರಟಿದ್ದವರೂ ತಿರುಗಿ ನೋಡಿದರು. ಅವಳ ಮುಖ ಮಾತ್ರ ಅರಳಲಿಲ್ಲ. ಸ್ಪೀಕರಿನ ಕಡೆ ಸ್ವಲ್ಪ ಹೊತ್ತು ನೋಡಿ, ಮೈಕನ್ನು ಸೊಸೆ ಲತಾಮಣಿಯ ಕೈಗಿಟ್ಟು ಮನೋಹರನ ಕಡೆ ತಿರುಗಿದಳು.

"ನೀನು ಒಳ್ಳೇನು ಕಣಪ್ಪಾ. ಮುದುಕಿ ನೊಂದ್ಕೊತಾಳೆ ಅಂತ ಮಿಷನ್ನಲ್ಲೇ ದನಿ ತುಂಬ್ಸಿದ್ದೀಯ. ಇದು ನಂದಲ್ಲ ಅಂತ ನಂಗೊತ್ತಾಗಕಿಲ್ವಾ?"