ಅರಾಲಿಯ ಮುಖ

ಬುರುಡೆಯ ಎರಡನೆಯ ಕಣ್ಣಿಗೆ ಕವಡೆ ಕೂರಿಸುತ್ತಿದ್ದ ಶೂಬಾಳ ಹೆಬ್ಬೆರಳು ತಾನಾಗಿಯೇ ಜಾರಿತು. ಹಸಿ ಸುಣ್ಣದ ಗಾರೆಯ ಎಡಗೆನ್ನೆಯಲ್ಲಿ ಗುಳಿಯೊಂದು ಬಿತ್ತು. ಅವಳು ಸವರಿ ನಯಮಾಡಿದಳು. ಬೆರಳು ಮತ್ತೆ ಅಲ್ಲಿಗೇ ಹೋಯಿತು.

ಅದು ಅವಳ ಗಂಡನ ಮೊದಲ ಹೆಂಡತಿ ಅರಾಲಿಯ ತಲೆ. ಮನೆಯ ನೆಲದಡಿ ಹೂತಿದ್ದನ್ನು ಅಂದು ಬೆಳಿಗ್ಗೆ ಹೊರತೆಗೆದಿದ್ದರು. ಪುರಾತನ ಜೆರಿಕೋ ಊರಿನ ಆ ಮನೆತನದಲ್ಲಿ ಸತ್ತವರಿಗೆ ಗಾರೆಯ ಮುಖ ಕಟ್ಟುವುದು ಹೊಸ ಸೊಸೆಯ ಪಾಲಿನ ಕೆಲಸ. ಮುಖ ಹೋಲದಿದ್ದರೆ ಸೊಸೆ ತವರಿಗೆ ನಡೆಯಬೇಕು. ಶೂಬಾ ಅರಾಲಿಯನ್ನು ಕಂಡವಳೇ ಅಲ್ಲ.

"ಮುಗೀತೇನೇ? ನೋಡದ ಮುಖಾನ ಅದೇನು ಕಟ್ತೀಯೋ! ಸುಮ್ನೆ ಗಂಟುಮೂಟೆ ಕಟ್ಕೊ" ಎನ್ನುತ್ತ ಒಳಬಂದ ಅತ್ತೆ ಹೆದ್ರಾ, ಬುರುಡೆಯನ್ನು ಕಂಡದ್ದೇ ಗೋಡೆ ಹಿಡಿದು ನಿಂತಳು. "ಆ ಗುಳಿ... ಯಾರೇ ಹೇಳಿದ್ದು ನಿಂಗೆ?"

"ಯಾರೂ ಇಲ್ಲ ಅತ್ತೆ. ಕೈ ತಾನೇ ಹೋಯ್ತು."

ಹೆದ್ರಾಳ ಹಿಂದೆಯೇ ಅರಾಲಿಯ ಮಗಳು ನೂಮಿ ಬಂದಿದ್ದಳು. ತಾಯಿ ಸತ್ತಂದಿನಿಂದ ಮಗು ಒಂದು ಮಾತೂ ಆಡಿರಲಿಲ್ಲ, ಅಜ್ಜಿಯನ್ನು ಬಿಟ್ಟು ಯಾರ ಬಳಿಗೂ ಹೋಗುತ್ತಿರಲಿಲ್ಲ. ಈಗ ಅದು ಬುರುಡೆಯ ಹಸಿ ತುಟಿಗೆ ಕಿವಿಯಿಟ್ಟು ಕುಳಿತಿತು. ನಡುನಡುವೆ "ಹೂಂ" ಅಂದಿತು. ಆಮೇಲೆ ಎದ್ದು ಬಂದು, ಕಿವಿಗೆ ಮೆತ್ತಿದ ಗಾರೆಯ ಸಮೇತ ಶೂಬಾಳ ತೊಡೆಯೇರಿತು.

"ಅಜ್ಜಿ ಕೊಡೋ ಗಂಜಿ ಇನ್ಮೇಲೆ ಕುಡೀಬಾರ್ದಂತೆ. ಅದನ್ನ ಕುಡಿದೇ ಅಮ್ಮ ಸತ್ತಿದ್ದಂತೆ."

ಹೆದ್ರಾ ಮಗುವಿನತ್ತ ತಿರುಗಲೂ ಇಲ್ಲ. ಕವಡೆಯ ಕಣ್ಣುಗಳನ್ನೇ ನೋಡುತ್ತ ಕಿರುಚಿದಳು: "ಸಾಯೋವಾಗ ಯಾರಿಗೂ ಹೇಳಲ್ಲ ಅಂದಿದ್ದೆಯಲ್ಲೇ, ಅರಾಲಿ!"